ಸ್ಪಂಜಿನ ದ್ವೀಪದಲ್ಲಿ ಒಂದು ಸಂಸಾರ

1954ರ ಕೊನೆಯಲ್ಲಿ ಲಂಡನ್ನಿನಿಂದ ಹೊರಟ ಸಂಸಾರವೊಂದು ಗ್ರೀಸ್ ದೇಶದ ಕಲಿಮ್ನೋಸ್ ಎಂಬ ದ್ವೀಪಕ್ಕೆ ಬಂದಿಳಿಯಿತು. ಪತಿ ಜಾರ್ಜ್ ಜಾನ್‌ಸ್ಟನ್, ಪತ್ನಿ ಶಾರ್ಮಿಯನ್ ಕ್ಲಿಫ್ಟ್. ಇಬ್ಬರೂ ಆಸ್ಟ್ರೇಲಿಯದ ಬರಹಗಾರರು. ಏಳು ವರ್ಷದ ಮಗ, ಐದು ವರ್ಷದ ಮಗಳು ಅವರೊಡನಿದ್ದರು. ಪತ್ರಿಕೋದ್ಯಮದಲ್ಲಿದ್ದ ಒಳ್ಳೆಯ ಹುದ್ದೆಯನ್ನು ಜಾನ್‌ಸ್ಟನ್ ತೊರೆದಿದ್ದರು. ನಗರದ ಗದ್ದಲದಿಂದ ದೂರವಾಗಿ, ಲೇಖನಿಯೊಂದನ್ನೇ ನಂಬಿ ಬಾಳಬೇಕೆಂಬುದು ಆ ದಂಪತಿಗಳ ಹಂಬಲ. ಅಲ್ಲಿನ ಸ್ಪಂಜುಗಾರರನ್ನು ಕುರಿತು ಕಾದಂಬರಿಯೊಂದನ್ನು ಬರೆಯುವುದು ಅವರ ಉದ್ದೇಶವಾಗಿತ್ತು.

ಬಂದರಿನ ದಂಡೆಯಲ್ಲಿ ಅವರಿಗೆ ಬಾಡಿಗೆಯ ಮನೆಯೊಂದು ದೊರೆಯಿತು. ಕಿಟಕಿ ತೆರೆದರೆ ನೀಲಿಯ ಕಡಲು, ಸಾಲುಗಟ್ಟಿ ನಿಂತ ದೋಣಿಗಳು, ಬೆನ್ನಿಗೆ ಹುಲ್ಲೂ ಬೆಳೆಯದ ಬಂಡೆಗುಡ್ಡಗಳು. ಮಕ್ಕಳು ಓರಗೆಯವರೊಡನೆ ಆಡುತ್ತಾಡುತ್ತಾ ಹಿರಿಯರಿಗಿಂತ ಬೇಗ ಗ್ರೀಕ್ ಭಾಷೆಯನ್ನು ಕಲಿತರು. ನೋಡುವ ಕಣ್ಣಿಗೆ ಅದೊಂದು ನೆಮ್ಮದಿಯ ತಾಣ.

ಆದರೆ ಆ ಬಂಡೆನೆಲ ಅನ್ನ ಕೊಡುವಂಥದಲ್ಲ. ಊರಿಗೆ ಅನ್ನ ಕೊಡುತ್ತಿದ್ದುದು ಕಡಲತಳದ ಸ್ಪಂಜು. ಸ್ಪಂಜು ಗಿಡವಲ್ಲ, ನೀರಿನೊಳಗಿನ ಬಂಡೆಗೆ ಅಂಟಿಕೊಂಡು ಬಾಳುವ ಪ್ರಾಣಿ. ಅದನ್ನು ಕಿತ್ತು ತಂದು, ಮೇಲಿನ ತೊಗಲು ಹೋಗುವಂತೆ ತುಳಿದು, ತೊಳೆದು, ಒಣಗಿಸಿದರೆ ಉಳಿಯುವ ಮೆತ್ತನೆಯ ಹಂದರವೇ ಮೈಯುಜ್ಜುವ ಸ್ಪಂಜು. ಹಿಂದೆ ಮುಳುಗುಗಾರರು ಚಪ್ಪಟೆ ಕಲ್ಲೊಂದನ್ನು ಹಿಡಿದು, ಉಸಿರು ಬಿಗಿಹಿಡಿದು ಕೆಳಗಿಳಿಯುತ್ತಿದ್ದರು. 1860ರ ದಶಕದಲ್ಲಿ ಲೋಹದ ಶಿರಸ್ತ್ರಾಣವುಳ್ಳ ಮುಳುಗುಡುಪು ಬಂದಿತು. ದೋಣಿಯಿಂದ ಕೊಳವೆಯ ಮೂಲಕ ಗಾಳಿ ಒದಗಿದುದರಿಂದ ಇನ್ನೂ ಆಳದಲ್ಲಿ, ಹೆಚ್ಚು ಹೊತ್ತು ಇರುವುದು ಸಾಧ್ಯವಾಯಿತು. ಅದರೊಡನೆ ವಿಪತ್ತೂ ಬಂದಿತು. ಆಳದ ಒತ್ತಡದಲ್ಲಿ ಗಾಳಿಯ ಸಾರಜನಕವು ರಕ್ತದಲ್ಲಿ ಕರಗುತ್ತದೆ. ಮೆಲ್ಲಮೆಲ್ಲನೆ ಮೇಲೇರಿದರೆ ಅದು ಉಸಿರಿನೊಡನೆ ಹೊರಹೋಗುತ್ತದೆ. ಅವಸರದಿಂದ ಮೇಲೆ ಬಂದರೆ ಒಳಗೇ ಗುಳ್ಳೆಗಳಾಗಿ ನರಗಳನ್ನು ಕೆಡಿಸುತ್ತದೆ. ಹೀಗೆ ಪ್ರಾಣ ತೆತ್ತವರು ಎಷ್ಟೋ ಮಂದಿ. ಬದುಕುಳಿದು ಕಾಲು ಸೋತವರು ಕೋಲೂರಿಕೊಂಡು ಅದೇ ಬಂದರಿನ ಬೀದಿಯಲ್ಲಿ ನಡೆದಾಡುತ್ತಿದ್ದರು.

ಈಸ್ಟರ್ ಹಬ್ಬ ಮುಗಿದೊಡನೆ ದೋಣಿಗಳು ಆಫ್ರಿಕದ ಉತ್ತರ ತೀರಕ್ಕೆ ಹೊರಡುತ್ತಿದ್ದವು, ಮರಳುತ್ತಿದ್ದುದು ಶರತ್ಕಾಲದಲ್ಲಿ. ಹೊರಡುವ ಮುನ್ನವೇ ಮುಳುಗುಗಾರನಿಗೆ ಮುಂಗಡ ಹಣ ಸಿಗುತ್ತಿತ್ತು. ಮನೆಯವರು ಬೇಸಗೆಯನ್ನು ಕಳೆಯಬೇಕಾದುದು ಆ ಹಣದಿಂದಲೇ. ಅದು ಸಾಲ, ಆತ ಕಡಲಿನಿಂದ ಎತ್ತಿ ತೀರಿಸಬೇಕಾದ ಸಾಲ. ಗಂಡಸರು ಹೊರಟು ಹೋದ ಮೇಲೆ ಊರಿನಲ್ಲಿ ಉಳಿಯುತ್ತಿದ್ದವರು ಹೆಂಗಸರು, ಮಕ್ಕಳು, ಮುದುಕರು. ಯಾರ ಮನೆಯವನು ಮರಳುವನು, ಯಾರವನು ಮರಳನು ಎಂಬುದನ್ನು ಶರತ್ಕಾಲವೇ ಹೇಳಬೇಕಾಗಿತ್ತು.

ಇಂಥ ಊರಿನವರಿಗೆ ಈ ಸಂಸಾರವು ಒಂದು ಸೋಜಿಗ. ಆಸ್ಟ್ರೇಲಿಯಕ್ಕೆ ಹೋಗಿ ನೆಲೆಸಬೇಕೆಂಬ ಆಸೆ ಅಲ್ಲಿ ಹಲವರಲ್ಲಿ ಬೇರೂರಿತ್ತು. ಆ ದೇಶದವರೇ ಅದನ್ನು ಬಿಟ್ಟು ಈ ಬಂಡೆಯನ್ನು ಅರಸಿ ಬಂದಿದ್ದರು! ಒಬ್ಬರಿಗೆ ಬಿಡುಗಡೆಯಾಗಿ ಕಂಡ ದ್ವೀಪವೇ ಇನ್ನೊಬ್ಬರಿಗೆ ಬಂಧನವಾಗಿತ್ತು. ಅತಿಥಿ ಬೇಕೆಂದಾಗ ಹೊರಡಬಲ್ಲನು. ಸಾಲದಲ್ಲಿರುವ ಮುಳುಗುಗಾರನು ಹೊರಡಲಾರನು. ಕಡಲಿನ ಚೆಲುವು ಇಬ್ಬರಿಗೂ ಒಂದೇ. ಅದಕ್ಕೆ ತೆರುವ ಬೆಲೆ ಒಂದೇ ಅಲ್ಲ.

ವರ್ಷ ತುಂಬುವ ಮೊದಲೇ, 1955ರಲ್ಲಿ, ಆ ಸಂಸಾರವು ಹೈಡ್ರಾ ಎಂಬ ಬೇರೊಂದು ದ್ವೀಪಕ್ಕೆ ಹೊರಟಿತು. ಕಲಿಮ್ನೋಸ್‌ನ ವಾಸವನ್ನು ಕ್ಲಿಫ್ಟ್ 1956ರಲ್ಲಿ 'ಮರ್ಮೇಡ್ ಸಿಂಗಿಂಗ್' ಎಂಬ ಪುಸ್ತಕವಾಗಿ ಪ್ರಕಟಿಸಿದರು. ಮುಂದೆ ಕಲಿಮ್ನೋಸ್‌ನ ಅನೇಕರು ಆಸ್ಟ್ರೇಲಿಯದ ಡಾರ್ವಿನ್ ನಗರದಲ್ಲಿ ನೆಲೆಸಿದರು. ಕೃತಕ ಸ್ಪಂಜು ಮಾರುಕಟ್ಟೆಯನ್ನು ಆವರಿಸಿತು. 1986ರಲ್ಲಿ ಮೆಡಿಟರೇನಿಯನ್ ಸಮುದ್ರದ ಸ್ಪಂಜುಗಳಿಗೆ ರೋಗ ತಗಲಿತು. ಹಳೆಯ ಕಸುಬು ಕುಗ್ಗಿತು.

ಆದರೂ ಊರು ತನ್ನವರನ್ನು ಮರೆತಿಲ್ಲ. ಅಲ್ಲಿನ ಕುಣಿತವೊಂದರಲ್ಲಿ ಮುಂದಾಳು ಕೋಲು ಹಿಡಿದು, ನಡುಗುವ ಕಾಲನ್ನು ಎಳೆಯುತ್ತಾ ಹೆಜ್ಜೆ ಹಾಕುತ್ತಾನೆ. ಅದು ಹಾಸ್ಯವಲ್ಲ, ಕಡಲಿಗೆ ಕಾಲು ಕೊಟ್ಟು ಮನೆಗೆ ಅನ್ನ ತಂದವರಿಗೆ ಸಲ್ಲುವ ಗೌರವ.