ಹಳಿಯಿಲ್ಲದ ಊರಿನ ಇಂಜಿನ್ ತಾತ

ಸರ್ಜಾಪುರಕ್ಕೆ ರೈಲು ಬಂದಿಲ್ಲ. ಆದರೆ ರೈಲಿನ ವಿಷಯದಲ್ಲಿ ಪಂಡಿತರಲ್ಲದವರು ಇಲ್ಲಿ ಯಾರೂ ಇಲ್ಲ. ಟೀ ಅಂಗಡಿಯಲ್ಲಿ ನಿಂತರೂ ಸೈಟ್ ಬ್ರೋಕರ್ ಕೈಗೆ ಸಿಕ್ಕಿಬಿದ್ದರೂ ಒಂದೇ ಕಥೆ, ಇಲ್ಲಿಂದ ಹೆಬ್ಬಾಳಕ್ಕೆ ಹೋಗಬೇಕಾದ ಮೆಟ್ರೋ. 2022ರ ಬಜೆಟ್ಟಿನಲ್ಲಿ ಅದರ ಹೆಸರು ಬಂದಾಗ ಅಂದಾಜು ವೆಚ್ಚ 15,000 ಕೋಟಿ. 2024ರ ಡಿಸೆಂಬರಿನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಡುವ ಹೊತ್ತಿಗೆ 28,405 ಕೋಟಿ. ರೈಲು ಇನ್ನೂ ಹೊರಟಿಲ್ಲ, ಸೈಟಿನ ಬೆಲೆ ಮಾತ್ರ ಆಗಲೇ ಸ್ಟೇಷನ್ ಮುಟ್ಟಿದೆ.

ಈ ಸಂಭ್ರಮಕ್ಕೆ ಮೂಗು ಮುರಿಯುವವರು ಒಬ್ಬರೇ, ನಮ್ಮ ಅಪಾರ್ಟ್‌ಮೆಂಟಿನ ಇಂಜಿನ್ ತಾತ. ವಯಸ್ಸಿನಲ್ಲಿ ಬಂಗಾರಪೇಟೆ ಕಡೆಯ ನ್ಯಾರೋಗೇಜಿನಲ್ಲಿ ಫೈರ್‌ಮನ್ ಆಗಿ ಕಲ್ಲಿದ್ದಲು ಎತ್ತಿಹಾಕಿದವರು, ಈಗ ಮಗನ ಹನ್ನೊಂದನೇ ಮಹಡಿಯ ಫ್ಲ್ಯಾಟಿನಲ್ಲಿ ಕೂತು ಕಾರ್ಮೆಲರಾಂ ಸ್ಟೇಷನ್ ಕಡೆಯಿಂದ ಗಾಳಿಯಲ್ಲಿ ಬರುವ ಹಾರ್ನ್ ಕೇಳಿ ಅದು ಯಾವ ಗಾಡಿ, ಎಷ್ಟು ಲೇಟು ಎಂದು ಹೇಳುತ್ತಾರೆ. ಮೆಟ್ರೋ ಬಗ್ಗೆ ಅವರದು ಖಚಿತ ಅಭಿಪ್ರಾಯ: "ಹೊಗೆಯಿಲ್ಲ, ಮಸಿಯಿಲ್ಲ, ಅದೂ ಒಂದು ರೈಲೇನಪ್ಪಾ? ಲಿಫ್ಟು ಅಡ್ಡಡ್ಡ ಓಡಿದ ಹಾಗೆ!"

ತಾತನಿಗೆ ಕಾಶಿ ರಾಮೇಶ್ವರ ಬೇಕಿಲ್ಲ. ಅವರ ತೀರ್ಥಯಾತ್ರೆ ಕೊಚ್ಚಿಯಲ್ಲಿ ಮುಗಿದಿದೆ. 2019ರ ಫೆಬ್ರವರಿಯಲ್ಲಿ ಎರ್ನಾಕುಲಂ ಜಂಕ್ಷನ್ನಿನಿಂದ ಹಾರ್ಬರ್ ಟರ್ಮಿನಸ್ಸಿಗೆ ಉಗಿಬಂಡಿ ಓಡಿಸುತ್ತಾರೆಂದು ಪೇಪರಿನಲ್ಲಿ ಓದಿದ್ದೇ ತಡ, ಮಗ ಬೇಡವೆಂದರೂ ಹೊರಟುಬಿಟ್ಟರು. ಹಡಗಿನ ದಾರಿಗೆಂದು ಹಿನ್ನೀರಿನಲ್ಲಿ ಹೂಳೆತ್ತಿ, ಆ ಹೂಳಿನಿಂದಲೇ ಬ್ರಿಟಿಷ್ ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ಬೆಳೆಸಿದ ವಿಲ್ಲಿಂಗ್ಡನ್ ದ್ವೀಪದಲ್ಲಿದೆ ಆ ಟರ್ಮಿನಸ್. ಬಂದರಿನ ಪಕ್ಕದ ಆ ಹಳಿಯನ್ನು ಪ್ರಯಾಣಿಕರು ಬಹುಮಟ್ಟಿಗೆ ಮರೆತೇಬಿಟ್ಟಿದ್ದರು. ಅದರ ಮೇಲೆ ಬಂದದ್ದು ಇಐಆರ್ 21, ಇಂಗ್ಲೆಂಡಿನ ಲೀಡ್ಸ್‌ನಲ್ಲಿ 1855ರಲ್ಲಿ ಹುಟ್ಟಿದ ಇಂಜಿನ್. ಹೆಸರುವಾಸಿ ಫೇರಿ ಕ್ವೀನಳ ಒಡಹುಟ್ಟು. 1909ರಲ್ಲಿ ನಿವೃತ್ತಿಯಾಗಿ ಜಮಾಲ್‌ಪುರ, ಹೌರಾಗಳಲ್ಲಿ ಬೊಂಬೆಯಂತೆ ನಿಂತಿದ್ದದ್ದನ್ನು ಪೆರಂಬೂರು ಕಾರ್ಖಾನೆಯವರು 2010ರಲ್ಲಿ ಮತ್ತೆ ಬದುಕಿಸಿದರು.

"ನಡುವೆ ಆಳೆತ್ತರದ ಒಂದೇ ಜೋಡಿ ಗಾಲಿ, ಅದೇ ಎಳೆಯಬೇಕು," ಎಂದು ತಾತ ಶುರುಮಾಡಿದರೆ ಕೇಳುವವರು ಆ ಸಂಜೆಯ ಆಸೆ ಬಿಡಬೇಕು. ತಣ್ಣಗಿರುವ ಬಾಯ್ಲರಿಗೆ ಒಮ್ಮೆಗೇ ಬೆಂಕಿ ತುಂಬಬಾರದು. ತಗಡು ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಹಿಗ್ಗದೆ ಸೀಳು ಬಿಡುತ್ತದೆ. ಮೊದಲು ಸೌದೆ, ಎಣ್ಣೆಬಟ್ಟೆ, ಆಮೇಲೆ ಕಲ್ಲಿದ್ದಲು. ಗಂಟೆಗಟ್ಟಲೆ ಕಾಯಬೇಕು. ಬಾಯ್ಲರಿನ ಗ್ಲಾಸಿನಲ್ಲಿ ನೀರಿನ ಮಟ್ಟ ಇಳಿದು ಫೈರ್‌ಬಾಕ್ಸಿನ ನೆತ್ತಿ ಬರಿದಾದರೆ ಮುಗಿಯಿತು, ಇಂಜಿನ್ನೂ ಇಲ್ಲ, ಫೈರ್‌ಮನ್ನೂ ಇಲ್ಲ. ಹೊರಡುವ ಮುಂಚೆ ಸಿಲಿಂಡರಿನಲ್ಲಿ ಕೂತ ನೀರನ್ನು ಕೆಳಗಿನ ಕಾಕ್ ತೆರೆದು ಬುಸ್ಸೆಂದು ಹೊರಗೆ ಬಿಡಬೇಕು. ಉಗಿ ಒತ್ತಿದರೆ ಮುದುಡುತ್ತದೆ, ನೀರು ಮುದುಡುವುದಿಲ್ಲ, ಸಿಲಿಂಡರಿನ ಮುಚ್ಚಳವನ್ನೇ ಒಡೆದು ಹಾಕುತ್ತದೆ. ಕೊಚ್ಚಿಯಲ್ಲಿ ಜನರೆಲ್ಲ ಆ ಹಬೆಯ ಎದುರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರೆ, ತಾತ ಪಕ್ಕಕ್ಕೆ ನಿಂತು ಹೊಗೆಯ ಬಣ್ಣ ಪರೀಕ್ಷಿಸಿದರಂತೆ. "ಕಪ್ಪು ಜಾಸ್ತಿಯಾಯಿತು. ಗಾಳಿ ಸಾಲದು. ಹುಡುಗರು ಇನ್ನೂ ಕಲಿಯಬೇಕು."

"ನಮ್ಮ ಕಡೆ ಹಳೇ ಹಳಿ ಇರಲಿಲ್ಲವೇ ತಾತ?" ಎಂದು ಒಮ್ಮೆ ಕೇಳಿದೆ. "ಹೊಸೂರಿಗೇ ಇತ್ತಲ್ಲಪ್ಪಾ!" ಎಂದರು. ಅವರು ಹುಟ್ಟುವ ಮೊದಲಿನ ಮಾತು. ಮೊರಪ್ಪೂರಿನಿಂದ 1906ರಲ್ಲಿ ಧರ್ಮಪುರಿಗೆ, 1913ರಲ್ಲಿ ಹೊಸೂರಿಗೆ ಎರಡೂವರೆ ಅಡಿ ಅಗಲದ ಪುಟ್ಟ ರೈಲು ಬಂತು. ಬರಗಾಲದ ಸೀಮೆಗೆ ಆಸರೆಯಾಗಲೆಂದು ಹಾಕಿದ ದಾರಿ. ಎರಡನೇ ಮಹಾಯುದ್ಧದ ನಡುವೆ, 1941ರಲ್ಲಿ ಮುಚ್ಚಿ ಹಳಿ ಕಿತ್ತರು. ಇದ್ದಿದ್ದರೆ ನಾವೂ ಭಾನುವಾರ ಅತ್ತಿಬೆಲೆ ದಾಟಿ ಹೋಗಿ ಉಗಿಬಂಡಿ ಹತ್ತಬಹುದಿತ್ತು.

ಆ ಮಾತಿನಿಂದ ನನ್ನ ತಲೆ ಕೆಟ್ಟಿದೆ. ಒಂದು ಕಾಲಕ್ಕೆ ನೇಯ್ಗೆಗೆ ಹೆಸರಾಗಿದ್ದ ಊರು ನಮ್ಮ ಸರ್ಜಾಪುರ. ಈಗ ಇಲ್ಲಿ ಮಗ್ಗ ಯಾವ ಬೀದಿಯಲ್ಲಿದೆ ಎಂದು ಕೇಳಿದರೆ ಮ್ಯಾಪು ನೋಡುತ್ತಾರೆ. ಹೊಲ ಲೇಔಟಾಯಿತು, ರಸ್ತೆ ಅಗಲವಾಗಲೆಂದು ಸಾಲುಮರ ಹೋಯಿತು, ರಸ್ತೆಯಂತೂ ಅಗಲವಾದ ಹಾಗೆ ಕಾಣಲಿಲ್ಲ. ನಾಳೆ ಮೆಟ್ರೋ ಕಂಬ ಎದ್ದಾಗ ಉಳಿದದ್ದೂ ಹೋಗುತ್ತದೆ. ಕೊಚ್ಚಿಯ ಓಟವನ್ನು ಪವಾಡವೆಂದು ನಾನು ಹೊಗಳಿದಾಗ ತಾತ ಗದರಿದರು: "ಪವಾಡ ಏನು ಬಂತು? ಇಂಜಿನ್ನನ್ನು ಗುಜರಿಗೆ ಹಾಕಲಿಲ್ಲ, ಹಳಿ ಕೀಳಲಿಲ್ಲ. ಅಷ್ಟೇ."

ಇದ್ದದ್ದನ್ನು ಸುಮ್ಮನೆ ಬಿಡುವುದಕ್ಕೆ ಟೆಂಡರ್ ಕರೆಯಬೇಕಿಲ್ಲ, ಕಮಿಷನ್ ಹುಟ್ಟುವುದಿಲ್ಲ, ಗುದ್ದಲಿಪೂಜೆಯ ಫೋಟೋ ಬರುವುದಿಲ್ಲ. ಅದಕ್ಕೇ ಇರಬೇಕು, ಯಾವ ಬಜೆಟ್ಟಿನಲ್ಲೂ ಆ ಯೋಜನೆಯನ್ನು ಯಾರೂ ಮಂಡಿಸುವುದಿಲ್ಲ.