ತೂಕ ಕಮ್ಮಿ ಬಂದ ರಾಣಿ ರೂಪಾಯಿ

ಅಜ್ಜಿ ತೀರಿಕೊಂಡು ವರ್ಷ ತುಂಬಿದ ಮೇಲೆ ಸೊಕ್ಕೆಯ ನಮ್ಮ ಮನೆಯಲ್ಲಿ ಪಾಲು ಆಯಿತು. ಹೊಲ, ಗಾಡಿ, ಹಿತ್ತಾಳೆ ಹಂಡೆ ಎಲ್ಲ ಜಗಳವಿಲ್ಲದೆ ಮುಗಿದವು. ಸಿಕ್ಕಿಬಿದ್ದಿದ್ದು ಅಜ್ಜಿಯ ರೂಪಾಯಿ ಸರದ ಹತ್ತಿರ.

12 ಬೆಳ್ಳಿ ರೂಪಾಯಿಗೆ ಕೊಂಡಿ ಬೆಸೆದು ಕರಿ ದಾರದಲ್ಲಿ ಪೋಣಿಸಿದ ಸರ ಅದು. ಜಗಳೂರು ಸೀಮೆಯ ತಾಂಡಾಗಳಲ್ಲಿ ಲಂಬಾಣಿ ಅಜ್ಜಿಯರ ಮೈಮೇಲೆ ಇಂಥ ನಾಣ್ಯ ನೀವೂ ನೋಡಿರುತ್ತೀರಿ. ನಮ್ಮಜ್ಜಿ ಮಾತ್ರ ಹಬ್ಬಕ್ಕೂ ಹಾಕಿಕೊಂಡವರಲ್ಲ. ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದರು. ಕೊನೆಯ 3 ವರ್ಷ ಆ ಪೆಟ್ಟಿಗೆಯ ಬೀಗದ ಕೈ ದೊಡ್ಡಮ್ಮನ ಸೊಂಟದಲ್ಲಿತ್ತು.

ದಾರ ಬಿಚ್ಚಿ ಒಂದೊಂದೇ ನಾಣ್ಯವನ್ನು ಕಡಪ ಕಲ್ಲಿನ ಮೇಲೆ ಬಡಿದು ನೋಡಿದೆವು. 11 ನಾಣ್ಯ ಟಣ್ ಅಂದವು. ವಿಕ್ಟೋರಿಯಾ ರಾಣಿಯ ಮುಖವಿದ್ದ ಒಂದು ಮಾತ್ರ ತಟ್ ಅಂತು, ಬೋಕಿ ಬಿದ್ದ ಹಾಗೆ. ತಕ್ಕಡಿಗೆ ಹಾಕಿದರೆ ಉಳಿದವುಗಳಿಗಿಂತ 2 ಗ್ರಾಮಿಗೂ ಜಾಸ್ತಿ ಕಮ್ಮಿ.

ಈ ಕಮ್ಮಿ ಯಾಕೆ ಅಷ್ಟು ದೊಡ್ಡ ಮಾತಾಯಿತು ಅಂದರೆ, ಹಳೆಯ ರೂಪಾಯಿ ಅಂದರೆ ತೂಕವೇ. ಕಂಪನಿ ಕಾಲದಿಂದ 1939ರವರೆಗಿನ ಬೆಳ್ಳಿ ರೂಪಾಯಿ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಅದರಲ್ಲಿ 12 ಪಾಲಿಗೆ 11 ಪಾಲು ಬೆಳ್ಳಿ. ಒಂದು ಕಡೆ ರೂಪಾಯಿ ಇಟ್ಟು ಇನ್ನೊಂದು ಕಡೆ ಚಿನ್ನ ತೂಗುತ್ತಿದ್ದರು. ಅಂಥ 80 ರೂಪಾಯಿ ತೂಗಿದರೆ ಪಕ್ಕಾ ಸೇರು. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರ ರೂಪಾಯಿ ಪೂರ್ತಿ ನಿಕ್ಕಲ್. ಹಾಗಾಗಿ ನಮ್ಮ ಹಿರಿಯರ ಕಣ್ಣಲ್ಲಿ ರಾಣಿ ರೂಪಾಯಿ ತೂಕ ಕಮ್ಮಿ ಬಂತು ಅಂದರೆ ಯಾರೋ ಕೈ ಹಾಕಿದ್ದಾರೆ ಅಂತಲೇ ಅರ್ಥ.

'ಬದಲಾಯಿಸಿದ್ದಾರೆ' ಅಂದವರು ಯಾರು ಅಂತ ಈಗ ಯಾರೂ ಒಪ್ಪಿಕೊಳ್ಳುವುದಿಲ್ಲ. ನಾವೆಲ್ಲ ಅಂದೆವು. ಕೆಲವರು ಬಾಯಲ್ಲಿ, ಕೆಲವರು ಸುಮ್ಮನಿದ್ದು. ದೊಡ್ಡಮ್ಮ ಏನೂ ಹೇಳದೆ ಬೀಗದ ಕೈ ಕಟ್ಟೆಯ ಮೇಲಿಟ್ಟು ಎದ್ದು ಹೋದರು.

ಮಾರನೆಯ ದಿನ ಜಗಳೂರಿಗೆ ಹೋದೆವು. ವಯಸ್ಸಾದ ಅಕ್ಕಸಾಲಿಯೊಬ್ಬರು ನಾಣ್ಯ ತಿರುಗಿಸಿ ತಿರುಗಿಸಿ ನೋಡಿ, ಅಂಚಿನ ಒಂದು ಕಡೆ ಉಗುರಿನಿಂದ ಒತ್ತಿದರು. ರಾಣಿಯ ಮುಖ ಬಾಗಿಲಿನಂತೆ ತೆರೆದುಕೊಂಡಿತು!

ಇದು ಖೋಟಾ ನಾಣ್ಯವಲ್ಲ, ಡಬ್ಬಿ ನಾಣ್ಯ ಅಂದರು. ಸಾಮಾನ್ಯವಾಗಿ ಎರಡು ಅಸಲಿ ರೂಪಾಯಿ ಬೇಕಂತೆ. ಒಂದನ್ನು ಒಳಗಿನಿಂದ ಕೊರೆದು ಬಟ್ಟಲು ಮಾಡುತ್ತಾರೆ. ಇನ್ನೊಂದರ ಹಿಂಬದಿ ಉಜ್ಜಿ ಉಜ್ಜಿ ಮುಖವಷ್ಟೇ ಉಳಿಸಿ ಮುಚ್ಚಳ. ಅಂಚಿನ ಗೀರುಗಳ ನಡುವೆ ಮುಚ್ಚಳದ ಕೀಲು ಅಡಗಿರುತ್ತದೆ. ಜೋಡಣೆಯ ಗೆರೆ ಅಂಚಿನ ಒಳಗೇ ಬರುವುದರಿಂದ ಮೇಲಿನಿಂದ ಕಾಣುವುದಿಲ್ಲ. ಬಡಿದರೆ ಮಾತ್ರ ಗುಟ್ಟು ಬಿಡುತ್ತದೆ.

ಆಮೇಲೆ ಹುಡುಕಿದಾಗ ಗೊತ್ತಾಯಿತು, ಜರ್ಮನಿಯ ಆಗ್ಸ್‌ಬರ್ಗ್ ಊರಿನಲ್ಲಿ 17ನೇ ಶತಮಾನದಲ್ಲೇ ಥಾಲರ್ ಎಂಬ ಬೆಳ್ಳಿ ನಾಣ್ಯಕ್ಕೆ ತಿರುಪು ಕೊರೆದು ಒಳಗೆ ಸಣ್ಣ ಚಿತ್ರ ಇಡುತ್ತಿದ್ದರು. ಅಮೆರಿಕದ ಬೆಳ್ಳಿ ಡಾಲರಿನಲ್ಲಿ ಮಾಡಿದವಕ್ಕೆ ಸಂಗ್ರಹಕಾರರು ಆಫೀಮು ಡಾಲರ್ ಅನ್ನುತ್ತಾರೆ. ಹೆಸರು ಹಾಗಿದ್ದರೂ ಒಳಗೆ ಇರುತ್ತಿದ್ದುದು ಹೆಚ್ಚಾಗಿ ಬೇಕಾದವರ ಫೋಟೊ. 1953ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಪೇಪರ್ ಹಾಕುವ ಹುಡುಗನ ಕೈಗೆ ಬಂದ ಒಂದು ಚಿಲ್ಲರೆ ನಾಣ್ಯವೂ ಹೀಗೇ ಹಗುರ ಅನ್ನಿಸಿ, ಕೆಳಗೆ ಬಿದ್ದು ಎರಡು ಹೋಳಾಗಿತ್ತು. ಒಳಗೆ ಸಿಕ್ಕಿದ್ದು ರಷ್ಯಾದ ಗೂಢಚಾರರ ಅಂಕಿ ಸಂದೇಶ. ಅದನ್ನು ಓದಲು ಪೊಲೀಸರಿಗೆ 4 ವರ್ಷ ಹಿಡಿಯಿತು.

ನಮ್ಮ ನಾಣ್ಯದೊಳಗೆ ಇದ್ದದ್ದು ಉಗುರಗಲದ ಹಳದಿ ಬಟ್ಟೆ. ಬಿಚ್ಚಿದರೆ ಮೆತ್ತನೆಯ ಒಂದು ಎಳೆ ಕೂದಲು, ಮಗುವಿನದು. ಜಾವಳ ತೆಗೆಸಿದಾಗ ಕೂದಲನ್ನು ದೇವರಿಗೆ ಬಿಡುವುದು ಪದ್ಧತಿ, ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಅಜ್ಜಿ ಇಟ್ಟುಕೊಂಡಿದ್ದರು. ಅಪ್ಪನಿಗಿಂತ ಮುಂಚೆ ಒಂದು ಗಂಡು ಹುಟ್ಟಿ ಎರಡು ವರ್ಷಕ್ಕೇ ಹೋಯಿತು ಅಂತ ಮನೆಯಲ್ಲಿ ಒಂದೆರಡು ಸಲ ಮಾತು ಬಂದದ್ದುಂಟು, ಅಷ್ಟೇ. ಆ ಮಗುವಿನ ಹೆಸರೂ ನಮಗೆ ಗೊತ್ತಿಲ್ಲ. ಅಜ್ಜಿಗೆ ಈ ನಾಣ್ಯ ಎಲ್ಲಿ ಸಿಕ್ಕಿತು, ಕೇಳುವುದಕ್ಕೆ ಈಗ ಯಾರೂ ಇಲ್ಲ.

ಕರಗಿಸಲು ಕೊಟ್ಟರೆ ಬೆಳ್ಳಿ ರೇಟು ಬರುತ್ತದೆ, ಅದೂ ಕಮ್ಮಿ ತೂಕಕ್ಕೆ. ಹಳೆಯ ನಾಣ್ಯ ಕೊಳ್ಳುವವರು ಇದಕ್ಕೆ ಬೇರೆಯೇ ಬೆಲೆ ಕೊಡುತ್ತಾರೆ ಅಂತ ಅಕ್ಕಸಾಲಿ ಹೇಳಿದರು. ಇಂಥದ್ದು ನಿಮ್ಮ ಮನೆಯಲ್ಲಿದ್ದರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಚಾಕುವಿನಿಂದ ಮೀಟಬೇಡಿ. ಕೀಲು ಮುರಿದರೆ ಮತ್ತೆ ಕೂರುವುದಿಲ್ಲ.

ಆ ಒಂದು ನಾಣ್ಯವನ್ನು ಪಾಲಿನಿಂದ ಹೊರಗಿಟ್ಟೆವು. ಸಂಜೆಯೇ ತೆಗೆದುಕೊಂಡು ದೊಡ್ಡಮ್ಮನ ಮನೆಗೆ ಹೋದೆವು. ಅವರು ಚಾ ಕೊಟ್ಟರು. ಮುಚ್ಚಳ ತೆರೆದು ತೋರಿಸಿದಾಗ ತುಂಬ ಹೊತ್ತು ನೋಡಿದರು, ಅತ್ತೆ ಇದರ ಬಗ್ಗೆ ಒಂದು ದಿನವೂ ಹೇಳಲಿಲ್ಲ ಅಂದರು. ನಿಮ್ಮ ಹತ್ತಿರವೇ ಇರಲಿ ಅಂತ ನಾವು ಕೈಗೆ ಕೊಡಲು ಹೋದರೆ ಸೆರಗು ಸರಿಮಾಡಿಕೊಂಡು ಎದ್ದರು.

'ನನಗ್ಯಾಕಪ್ಪ, ನಿಮ್ಮ ಹತ್ರನೇ ಇಟ್ಕಳ್ರಿ. ಆಮೇಲೆ ಮತ್ತೆ ತೂಕ ಕಮ್ಮಿ ಬಂದೀತು.'