ತಟ್ಟೆಯೊಳಗಿನ ನರಿ

ಉಣ್ಣುವ ತಟ್ಟೆಯಲ್ಲಿ ನರಿಯೊಂದು ಕುಳಿತು ನಮ್ಮನ್ನೇ ದಿಟ್ಟಿಸುತ್ತಿದ್ದರೆ ತುತ್ತು ಗಂಟಲಲ್ಲಿ ಇಳಿದೀತೆ? ಇಂಗ್ಲೆಂಡಿನ ಸಿರಿವಂತರಿಗೆ ಇಳಿಯುತ್ತಿತ್ತೆಂದೇ ತೋರುತ್ತದೆ. ನಿಕೊಲಾಸ್ ಸ್ಪ್ರಿಮಾಂಟ್ ಎಂಬ ಬೆಳ್ಳಿ ಕೆಲಸಗಾರ 1745ರ ಸುಮಾರಿಗೆ ಲಂಡನ್ನಿನ ಚೆಲ್ಸಿಯಲ್ಲಿ ಪಿಂಗಾಣಿ ಕಾರ್ಖಾನೆ ನಡೆಸತೊಡಗಿದ. ಮುಂದಿನ ದಶಕದಲ್ಲಿ ಈಸೋಪನ ಮೃಗಪಕ್ಷಿಗಳು ಅಲ್ಲಿಯ ತಟ್ಟೆ ಬಟ್ಟಲುಗಳನ್ನೇರಿ ಕುಳಿತವು. ಅವುಗಳಲ್ಲಿ ಬಹುಪಾಲು ಜೆಫರೀಸ್ ಹ್ಯಾಮೆಟ್ ಓನೀಲ್ ಎಂಬ ಐರಿಷ್ ಚಿತ್ರಗಾರನ ಕುಂಚದವೆನ್ನುತ್ತಾರೆ. ಅವನ ಪ್ರಾಣಿಗಳ ಮುಖದಲ್ಲಿ ಮನುಷ್ಯಕಳೆ. ನರಿಯಂತೂ ಆಗತಾನೆ ಕೋರ್ಟಿನಿಂದ ಬಂದ ವಕೀಲನಂತಿರುತ್ತದೆ.

ನಮ್ಮ ಬಾಳೆಯೆಲೆಗೆ ಚಿತ್ರದ ಗೊಡವೆಯಿಲ್ಲ. ಸ್ಟೀಲ್ ತಟ್ಟೆಯ ಮೇಲಾದರೋ ಉಡುಗೊರೆ ಕೊಟ್ಟವರ ಹೆಸರು, ಮದುವೆಯ ತಾರೀಖು! ಕಥೆ ಬರೆಯಲು ನಾವು ಹಿಡಿದದ್ದು ಕಲ್ಲನ್ನು. ಬಳ್ಳಿಗಾವೆಯಲ್ಲಿ 1070ರ ಸುಮಾರಿನ ತ್ರಿಪುರಾಂತಕ ದೇವಾಲಯವಿದೆ. ಶಿಲ್ಪಿಗಳು ಅಲ್ಲಿ ಪಂಚತಂತ್ರದ ಕಥೆಗಳನ್ನು ಕಡೆದಿದ್ದಾರೆ. ಅದಕ್ಕೆ ನಾಲ್ಕು ದಶಕ ಹಿಂದೆ, 1031ರಲ್ಲಿ, ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದಿದ್ದ. ಅವನು ಅನುಸರಿಸಿದ್ದು ವಿಷ್ಣುಶರ್ಮನನ್ನಲ್ಲ, ವಸುಭಾಗಭಟ್ಟನನ್ನು. ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದವನು. ನರಿಗಳ ಪರಿಚಯಕ್ಕೆ ಕಾಡಿಗೆ ಹೋಗಬೇಕಾದ ಪ್ರಮೇಯ ಅವನಿಗೆ ಬಂದಿರಲಾರದು.

ಕಥೆಗಳ ಕಾಲು ಮಾತ್ರ ಎಲ್ಲಕ್ಕಿಂತ ಚುರುಕು. ಹಂಸಗಳು ಕಚ್ಚಿ ಹಿಡಿದ ಕೋಲಿಗೆ ಬಾಯಿ ಕಚ್ಚಿ ತೂಗಿಕೊಂಡು ಹಾರಿದ ಆಮೆಯನ್ನು ನೋಡಿ: ಜಾವಾದ ಮೆಂಡುಟ್ ದೇಗುಲದ ಕಲ್ಲಿನಲ್ಲಿ ಅದಿದೆ. ಪಾರಸಿ, ಅರಬ್ಬಿಗಳನ್ನು ದಾಟಿ ಫ್ರಾನ್ಸಿಗೂ ಹೋಯಿತು. 1679ರ ಹೊತ್ತಿಗೆ ಲಾ ಫೊಂತೇನನ ಕೈಯಲ್ಲಿ ಹಂಸಗಳು ಬಾತುಗಳಾಗಿದ್ದವು. ಆಮೆ ಎಲ್ಲಿ ಹೋದರೂ ಆಮೆಯೇ. ಬಾಯಿ ಬಿಡುತ್ತದೆ, ಬೀಳುತ್ತದೆ, ಸಾಯುತ್ತದೆ.

ಸಾಯದಿದ್ದದ್ದು ನಮ್ಮಮ್ಮನ ಕಥೆಯಲ್ಲಿ ಮಾತ್ರ. ಜಯನಗರದ ಮನೆಯಲ್ಲಿ ರಾತ್ರಿ ನಮ್ಮನ್ನು ಸುತ್ತ ಕೂರಿಸಿ ಕೈತುತ್ತು ಹಾಕುವಾಗ ಆಕೆ ಆಮೆಯನ್ನು ಯಡಿಯೂರು ಕೆರೆಯ ಮೇಲೆಯೇ ಹಾರಿಸುತ್ತಿದ್ದಳು. ಬಿದ್ದರೆ ನೀರಿಗೆ! "ಊಟದ ಹೊತ್ತಿನಲ್ಲಿ ಯಾರೂ ಸಾಯಕೂಡದು," ಎನ್ನುವಳು. ಪಾಠಾಂತರವನ್ನು ಇಷ್ಟು ಸರಳವಾಗಿ ಸಮರ್ಥಿಸಿದ ಸಂಪಾದಕರನ್ನು ನಾನು ಕಂಡಿಲ್ಲ.

ಅಮ್ಮ ತೀರಿಕೊಂಡು ನಾಲ್ಕು ವರ್ಷವಾಯಿತು. ತರಗತಿಯಲ್ಲಿ ನಾನು ಆಮೆಯನ್ನು ಶಾಸ್ತ್ರೋಕ್ತವಾಗಿ ಕೊಲ್ಲುತ್ತೇನೆ. ಪರೀಕ್ಷೆಗೆ ಅದೇ ಬೇಕು. ಮಗಳಿಗೆ ಹೇಳುವಾಗ ಅದು ಯಡಿಯೂರಿಗೇ ಬೀಳುತ್ತದೆ. ಕೆರೆಯ ಸುತ್ತ ತಿರುಗಾಡಲು ಹೋದಾಗಲೆಲ್ಲ ಅವಳು ಕಂಬಿ ಹಿಡಿದು ಬಗ್ಗಿ ನೋಡುತ್ತಾಳೆ. ಮೊನ್ನೆ ಕೇಳಿದಳು, ಅಜ್ಜಿಯ ಆಮೆಗೆ ಈಗ ಎಷ್ಟು ವಯಸ್ಸು ಎಂದು.